ಮೊದಲ ವರಸಿ ನೋಡ್ರಿ, ಆಮ್ಯಾಲೆ ನಮ್ಮನ್ನ ಬೈರಿ

ಹೋದ ಸಲ ಮೆಂತೆ ಹಿಟ್ಟಿನ ಬಗ್ಗೆ ಬರದಾಗ ಎಷ್ಟು ಮಂದಿ ಫೋನ್ ಮಾಡಿದ್ರಿ ಅಂತೀರಿ! ನಮ್ಮ ದೊಡ್ಡ ವೈನಿ ಅಂತೂ ಅಳತಿ ತಪ್ಪೇದ ಅಂತ ಜಗಳಾನ ತಗದ್ರು. ಈ ಸಲ ಜಗಳಾ ನಾನ ತಗೀತೀನಿ. ಅಡಗಿಮನಿ ವಿಷಯ ಅಲ್ಲ, ಗಾಡಿ ವಿಷಯ. "ನಮಗ್ಯಾಕವಾ ಗಾಡಿ ಸುದ್ದಿ" ಅಂತ ಇಲ್ಲೇ ಬಿಟ್ಟು ಎದ್ದು ಹೋಗಬ್ಯಾಡ್ರಿ. ನಿಮ್ಮ ಪೈಕಿ ಎಷ್ಟು ಮಂದಿ ಡ್ರೈವಿಂಗ್ ಕಲತು, ಲೈಸನ್ಸ್ ತಗೊಂಡು, ಈಗ ಅದನ್ನ ಟ್ರೆಜರಿ ಒಳಗ ಪಾಸ್‌ಬುಕ್ಕಿನ ಕೆಳಗ ಇಟ್ಟೀರಿ ಅಂತ ನನಗ ಗೊತ್ತದ. ಯಾಕ ಬಿಟ್ರಿ ಅಂತ ಕೇಳಿದ್ರ ಭಾಳ ಮಂದಿ ಹೇಳೂ ಮಾತು ಒಂದ. "ಒಂದ್ಸಲ ನಡುರಸ್ತೆದಾಗ ಬಂದ್ ಬಿತ್ತು, ಹಿಂದಿನವರು ಹಾರ್ನ್ ಹೊಡದು ಹೊಡದು ಜೀವಾ ತಿಂದ್ರು, ಮನಿಗೆ ಬಂದ್ರ ಅಲ್ಲೂ ಬೈಸ್ಕೊಂಡೆ, ಸಾಕಾತು."

ಆ "ಸಾಕಾತು" ಅನ್ನೂ ಮಾತಿನ ಮ್ಯಾಲೇ ನನ್ನ ಸಿಟ್ಟು. ನಾ ಹೇಳೂದು ಇಷ್ಟ. ಗಾಡಿ ನಿಂತಲ್ಲೇ ಬಂದ್ ಬಿದ್ರ ಮೊದಲ ಗಾಡಿ ನೋಡ್ರಿ, ಸ್ಟೇರಿಂಗ್ ಹಿಂದ ಕೂತಾಕಿ ಮಾರಿ ನೋಡಬ್ಯಾಡ್ರಿ. ಎರಡನೇದು, ಸಾಮಾನು ಬದಲಿ ಮಾಡೂಕಿಂತ ಮೊದಲ ಹೊಲಸು ತಗದು ನೋಡ್ರಿ. ಮೂರನೇದು ನಮಗ. ಬಾನೆಟ್ಟಿನ ಕೆಳಗ ಏನದ ಅಂತ ತಿಳ್ಕೊಳ್ಳಿಕ್ಕೆ ಗಂಡಸಾಗಿ ಹುಟ್ಟಬೇಕಂತಿಲ್ಲ.

ನಾನು ಹೇಳಿ ಕೇಳಿ ಪಿಯುಸಿ ಓದಿದಾಕಿ, ಅದೂ ಆರ್ಟ್ಸ್. ಮಗಳು ಮದಿವ್ಯಾಗಿ ಹೋದಮ್ಯಾಲೆ ಮನ್ಯಾಗ ಕೂತು ಕೂತು ಬ್ಯಾಸರಾಗಿ ನಾಲ್ವತ್ತನಾಲ್ಕನೇ ವಯಸ್ಸಿನ್ಯಾಗ ಗಾಡಿ ಕಲತೆ. ಆವಾಗ ಅದು ಹೌಸಿ. ಆದರ ಎರಡು ವರ್ಷದಿಂದ ಹೌಸಿ ವಿಷಯ ಉಳದಿಲ್ಲ. ನನ್ನ ತಂಗಿಗೆ ಎರಡೂ ಕಿಡ್ನಿ ಕೆಲಸಾ ಬಿಟ್ಟಾವ. ವಾರಕ್ಕ ಎರಡು ಸಲ, ಮಂಗಳವಾರ ಮತ್ತ ಶುಕ್ರವಾರ, ಧಾರವಾಡದಿಂದ ಹುಬ್ಬಳ್ಳಿಗೆ ಡಯಾಲಿಸಿಸ್‌ಗೆ ಕರಕೊಂಡು ಹೋಗಬೇಕು. ಒಂದೊಂದು ಸಲಾನೂ ನಾಲ್ಕು ತಾಸು ಮಷೀನಿನ ಮ್ಯಾಲೆ. ಮುಗಿಸಿ ಹೊರಗ ಬಂದಾಗ ಅಕಿ ಅರಿವಿ ಹಿಂಡಿ ಒಗದಂಗ ಆಗಿರ್ತಾಳ. ಬಿಪಿ ಇಳದು ತಲಿ ತಿರಗ್ತಿರ್ತದ. ಆ ಹೊತ್ತಿನ್ಯಾಗ ಅಕಿಗೆ ಬೇಕಾಗಿದ್ದು ಹಿಂದಿನ ಸೀಟು, ಒಂದು ದಿಂಬು, ಮತ್ತ ಯಾರೂ ಮಾತಾಡಸದ ಅರ್ಧಾ ತಾಸು. ಅಷ್ಟನ್ನ ಕೊಡೂ ಕೆಲಸಾ ನಂದು.

ಹೋದ ವರ್ಷ ಗಣಪತಿ ಹಬ್ಬ ಮುಗದ ಮ್ಯಾಲೆ ಗಾಡಿ ತ್ರಾಸು ಕೊಡ್ಲಿಕ್ಕೆ ಸುರು ಮಾಡ್ತು. ನಮ್ಮದು ಸಣ್ಣ ಪೆಟ್ರೋಲ್ ಗಾಡಿ, 2013ರದು. ಓಡೂ ಮುಂದ ಏನೂ ಇಲ್ಲ, ಛಂದ ಓಡ್ತದ. ಸಿಗ್ನಲ್ ಬಂತು, ಎಕ್ಸಲರೇಟರ್‌ನಿಂದ ಕಾಲು ತಗದೆ, ಬ್ರೇಕ್ ಒತ್ತಿದೆ, ಗಾಡಿ ನಿಂತಿತು, ಇಂಜಿನ್ನೂ ನಿಂತಿತು. ಮೊದಲ ಸಲ ಉಣಕಲ್ ಹತ್ರ. ಮತ್ತ ಚಾವಿ ತಿರುವಿದ್ರ ಚಾಲೂ ಆತು. ಮನಿಗೆ ಬಂದು ಹೇಳಿದ್ರ ನಮ್ಮನಿಯವರು ಪೇಪರಿನಿಂದ ತಲಿ ಎತ್ತಲಾರದನ ಅಂದ್ರು: "ಕುಣೀಲಿಕ್ಕೆ ಬಾರದಾಕಿ ಅಂಗಳ ಡೊಂಕು ಅಂದ್ಲಂತ. ಕ್ಲಚ್ ಸರಿ ಬಿಡೂದಿಲ್ಲ ನೀ."

ಹನ್ನೆರಡು ವರ್ಷ ಗಾಡಿ ಹೊಡದಾಕಿಗೆ ಒಮ್ಮೆಲೆ ಕ್ಲಚ್ ಮರತು ಹೋತಂತ. ಆದ್ರ ಏನ್ ಮಾಡೂದು, ನಾನೂ ಹಂಗ ತಿಳಕೊಂಡೆ. ಕಾಲಿನ ಮ್ಯಾಲೆ ಲಕ್ಷ್ಯ ಇಟ್ಟು ಹೊಡದೆ. ಮತ್ತ ಬಂದ್ ಬಿತ್ತು.

ಸರ್ವಿಸಿಗೆ ಒಯ್ದ್ವಿ. ಎಲ್ಲಿ ಅಂತ ಕೇಳಬ್ಯಾಡ್ರಿ, ಎಲ್ಲಾ ಕಡೆ ಇಂಥವರು ಇದ್ದಾರ. ಗಾಡಿ ನಂದು, ಹೊಡಿಯಾಕಿ ನಾನು, ಎದರಿಗೆ ನಿಂತಾಕಿನೂ ನಾನು. ಆ ಹುಡುಗ ನನ್ನ ಮಾತು ಅರ್ಧಕ್ಕ ಬಿಟ್ಟು ಬೆಂಗಳೂರಾಗಿರೂ ನನ್ನ ಮಗನಿಗೆ ಫೋನ್ ಹಚ್ಚಿದ. "ಸರ್, ಮ್ಯಾಡಮ್ ಹಾಫ್ ಕ್ಲಚ್ ಭಾಳ ಇಡ್ತಾರ ಅನಸ್ತದ್ರಿ. ಫ್ಯೂಯಲ್ ಪಂಪೂ ವೀಕ್ ಇರಬಹುದು, ಬದಲಿ ಮಾಡೂದು ಛಲೋ." ಮಗಾ ಹೂಂ ಅಂದ. 11,400 ರೂಪಾಯಿ. ಎಂಟನೇ ದಿನಕ್ಕ ಜುಬಿಲಿ ಸರ್ಕಲ್ ಹತ್ರ ಮತ್ತ ಬಂದ್ ಬಿತ್ತು. ಹಿಂದಿನ ಸೀಟಿನ್ಯಾಗ ತಂಗಿ ಮಲಗಿದ್ಲು, ಹಿಂದೊಂದು ಟೆಂಪೋದಾವ ಹಾರ್ನ್ ಮ್ಯಾಲಿಂದ ಕೈ ತಗೀಲಿಲ್ಲ, ಪಕ್ಕದಾಗ ಬೈಕಿನ ಮ್ಯಾಲಿದ್ದಾವ ಇಣಕಿ ನೋಡಿ "ಲೇಡೀಸ್" ಅಂತ ನಕ್ಕು ಹೋದ.

ಅವತ್ತ ಸಂಜಿಮುಂದ ನಮ್ಮನಿಯವರು ಚಾವಿ ತಗದು ತಮ್ಮ ಕಿಸೆದಾಗ ಇಟ್ಕೊಂಡ್ರು. ಬೈಲಿಲ್ಲ. ಬೈದಿದ್ರ ನಾನೂ ಬೈತಿದ್ದೆ. "ನಿನ್ನ ಜೀವಕ್ಕ ಏನರೆ ಆದ್ರ ಏನ್ ಮಾಡೂದು" ಅಂದ್ರು. ಪ್ರೀತಿಲೆ ಕಸಗೊಂಡಿದ್ದನ್ನ ತಿರುಗಿ ಕೇಳೂದು ಭಾಳ ಕಷ್ಟ ನೋಡ್ರಿ. ಎರಡು ತಿಂಗಳ ನಾನೂ ತಂಗೀನೂ ಬಸ್ಸಿನ್ಯಾಗ ಅಡ್ಡಾಡಿದ್ವಿ. ಚಿಗರಿ ಬಸ್ಸಿಗೆ ನಾ ಹೆಸರಿಡೂದಿಲ್ಲ, ತಂಪಿರ್ತದ, ಲಗೂ ಹೋಗ್ತದ. ಆದ್ರ ದವಾಖಾನಿಯಿಂದ ಬಸ್ ಸ್ಟಾಪಿಗೆ, ಬಸ್ ಸ್ಟಾಪಿನಿಂದ ಮನಿಗೆ ಅಕಿನ್ನ ನಡಸಬೇಕಲ್ಲ. ಒಂದು ಶುಕ್ರವಾರ ಸ್ಟಾಪಿನ ಪಾವಟಗಿ ಮ್ಯಾಲೆ ತಲಿ ತಿರುಗಿ ಬಿದ್ಲು. ಹಣಿಗೆ ಮೂರು ಹೊಲಿಗಿ. ಬಿದ್ದಾಕಿ ಎದ್ದು ನನಗ ಹೇಳಿದ್ದೇನು ಗೊತ್ತೇನ್ರಿ? "ನಿನಗ ತ್ರಾಸು ಕೊಟ್ಟೆ ಅಕ್ಕಾ."

ಅವತ್ತ ರಾತ್ರಿ ನನಗ ನಿದ್ದಿ ಹತ್ತಲಿಲ್ಲ. ಎದ್ದು ಅಡಗಿಮನ್ಯಾಗಿನ ಕ್ಯಾಲೆಂಡರ್ ತಗದೆ. ನಾವೆಲ್ಲಾ ಹಾಲಿನ ಹಿಸಾಬು ಅದರ ಮ್ಯಾಲೇ ಬರೀತೀವಲ್ಲ? ಗಾಡಿ ಬಂದ್ ಬಿದ್ದ ದಿನಾನೂ ಅದರಾಗ ಸಣ್ಣಗ "ಬಂದ್" ಅಂತ ಬರದಿದ್ದೆ, ಅಭ್ಯಾಸದ ಬಲ. ಒಂದೊಂದಾಗಿ ನೆನಪು ಮಾಡ್ಕೊಂಡು ಪಕ್ಕದಾಗ ಬರದೆ. ಎಲ್ಲಿ, ಏಸಿ ಇತ್ತೋ ಇಲ್ಲೋ, ಓಡೂ ಮುಂದೋ ನಿಂತಾಗೋ. ಒಟ್ಟು ಹನ್ನೊಂದು ಸಲ. ಹನ್ನೊಂದೂ ಸಲ ನನ್ನ ಕಾಲು ಎಕ್ಸಲರೇಟರ್ ಮ್ಯಾಲೆ ಇರಲಿಲ್ಲ. ಎಂಟು ಸಲ ಏಸಿ ಚಾಲೂ ಇತ್ತು. ಓಡೂ ಮುಂದ, ಏರಿನ್ಯಾಗ, ಒಂದು ಸಲಾನೂ ಇಲ್ಲ. ಹಾಲಿನವನ ಕಳ್ಳ ಲೆಕ್ಕ ಹಿಡದಾಕಿಗೆ ಇದು ಹಿಡೀಲಿಕ್ಕೆ ಆಗೂದಿಲ್ಲೇನು? ಪಂಪು ವೀಕ್ ಇದ್ರ ಇಂಜಿನ್ ಭಾಳ ಪೆಟ್ರೋಲ್ ಕೇಳೂ ಹೊತ್ತಿನ್ಯಾಗ, ಅಂದ್ರ ಏರಿನ್ಯಾಗ, ಜೋರು ಓಡೂ ಮುಂದ, ತಿಣಕಬೇಕಿತ್ತು. ನಮ್ಮದು ಆವಾಗ ಕುದರಿಗತೆ ಓಡ್ತಿತ್ತು. ಇಷ್ಟು ಕೇಳಿದ್ರ ಆ ಪಂಪು ಬದಲಿ ಮಾಡೂದ ಬೇಕಿದ್ದಿಲ್ಲ. ಆದ್ರ ಯಾರೂ ಕೇಳಲಿಲ್ಲ. ಕೇಳೂದು ಮಗನ್ನ, ಹೊಡಿಯೂದು ಅವ್ವ!

ಮರುದಿನ ಮುಂಜಾನೆ ಚಹಾ ಕುಡದ ಮ್ಯಾಲೆ ನಮ್ಮನಿಯವರಿಗೆ ಹೇಳಿದೆ: "ಚಾವಿ ನೀವ ಹಿಡೀರಿ, ನಾ ಕೇಳೂದಿಲ್ಲ. ಗಾಡ್ಯಾಗ ನೀವ ಕೂಡ್ರಿ." ಅಂಗಳದಾಗ ಗಾಡಿ ಚಾಲೂ ಮಾಡಿಸಿದೆ. ಹ್ಯಾಂಡ್‌ಬ್ರೇಕ್ ಎಳಸಿದೆ, ಗೇರ್ ನ್ಯೂಟ್ರಲ್ ಮಾಡಿಸಿದೆ. ಹತ್ತು ನಿಮಿಷ ಬಿಸಿ ಆಗಲಿ ಅಂದೆ. ಆಮ್ಯಾಲೆ, "ಎರಡೂ ಕಾಲು ಪೆಡಲ್‌ನಿಂದ ತಗದು ಹಿಂದಕ್ಕ ಇಟ್ಕೊಳ್ರಿ, ಕೈ ಎರಡೂ ತೊಡಿ ಮ್ಯಾಲೆ ಇಡ್ರಿ, ಏಸಿ ಹಾಕ್ರಿ" ಅಂದೆ. ಏಸಿ ಕಟ್ ಅಂತ ಹತ್ತಿತು, ಮೀಟರಿನ ಮುಳ್ಳು ಕೆಳಗ ಬಿತ್ತು, ಗಾಡಿ ಮೈ ನಡಗಿಸ್ತು, ಬಂದ್ ಆತು. ಮತ್ತ ಚಾಲೂ ಮಾಡಿಸಿದೆ, ಮತ್ತ ಬಂದ್ ಆತು. ಮೂರನೇ ಸಲ ಅವರು ತಾವಾಗೇ ಮಾಡಿ ನೋಡಿದ್ರು.

"ಕ್ಲಚ್ ಯಾರು ಒತ್ತಿದ್ರು ಈಗ?" ಅಂದೆ. ಅವರೇನೂ ಅನಲಿಲ್ಲ. ಚಾವಿ ನನ್ನ ಕೈಯಾಗ ಕೊಟ್ರು.

ಅಕ್ಕ ತಂಗ್ಯಾರೇ, ಈ ಒಂದು ಪರೀಕ್ಷಾ ಬರದಿಟ್ಕೊಳ್ರಿ. ನ್ಯೂಟ್ರಲ್‌ದಾಗ, ಕಾಲು ಪೆಡಲ್‌ನಿಂದ ತಗದಾಗ ಇಂಜಿನ್ ತಾನಾಗೇ ಬಂದ್ ಬಿತ್ತಂದ್ರ ಅದು ನಿಮ್ಮ ಕ್ಲಚ್ಚಿನ ತಪ್ಪಲ್ಲ. ಆಗೂದೂ ಶಕ್ಯ ಇಲ್ಲ. ಗೇರಿನ್ಯಾಗ ಇದ್ದಾಗ ಕ್ಲಚ್ ಒಮ್ಮೆಲೆ ಬಿಟ್ರ ಗಾಡಿ ಜಗ್ಗಿ ಬಂದ್ ಬೀಳ್ತದ, ಖರೆ, ಅದು ನಮ್ಮ ತಪ್ಪು, ಒಪ್ಕೋತೀನಿ. ಆದ್ರ ಗೇರೇ ಇಲ್ಲದಾಗ ಕ್ಲಚ್ಚಿಗೆ ಏನು ಕೆಲಸಾ? ಒಂದು ಮಾತು, ಇದನ್ನ ಹೊರಗ ಅಂಗಳದಾಗ ಮಾಡ್ರಿ. ಬಾಗಲಾ ಹಾಕಿದ ಗ್ಯಾರೇಜಿನ್ಯಾಗ ಗಾಡಿ ಚಾಲೂ ಇಡಬ್ಯಾಡ್ರಿ, ಆ ಹೊಗಿ ಜೀವಾ ತಗೀತದ.

ಈ ಹಿಸಾಬಿನ ಚೀಟಿ ಹಿಡಕೊಂಡು ನಮ್ಮ ಓಣಿ ಹಿಂದಿನ ಸಣ್ಣ ಗ್ಯಾರೇಜಿನ ಮಿಸ್ತ್ರಿ ಕಡೆ ಹೋದೆ. ವಯಸ್ಸಾದ ಮನಷ್ಯಾ. ಚೀಟಿ ತಗೊಂಡು ಪೂರಾ ಓದಿದ. "ಅಕ್ಕಾರ, ಬಂದ್ ಬೀಳೂ ಮುಂದ ಸಣ್ಣಗ ರೇಸ್ ಕೊಟ್ರ ಉಳೀತದೇನು?" ಅಂದ. "ಉಳೀತದ." "ಇಂಜಿನ್ ಲೈಟ್ ಬರ್ತದೇನು?" "ಒಂದೆರಡು ಸಲ ಬಂದು ಹೋತು." ಸಣ್ಣ ಮಷೀನ್ ಹಚ್ಚಿ ನೋಡಿದ. ಪಿ 0506 ಅಂತ ಬಂತು. ಇಂಜಿನ್ ಸುಮ್ನ ನಿಂತಾಗ ತಿರುಗಬೇಕಾದಷ್ಟು ತಿರುಗೂದಿಲ್ಲ, ಕಡಿಮಿ ಆಗ್ಯದ ಅಂತ ಅದರ ಅರ್ಥ. "ಸಾಮಾನು ಏನೂ ತರೂದು ಬ್ಯಾಡ್ರಿ ಸದ್ಯಾ. ಥ್ರಾಟಲ್ ಬಾಡಿ ಬಿಚ್ಚಿ ನೋಡೂಣು" ಅಂದ.

ಬ್ಯಾಟರಿ ವೈರ್ ತಗದ, ಏರ್ ಫಿಲ್ಟರಿನಿಂದ ಬರೂ ದಪ್ಪ ಪೈಪು ಬಿಚ್ಚಿದ, ನಾಲ್ಕು ಬೋಲ್ಟ್ ತಗದು ಮುಷ್ಟಿ ಗಾತ್ರದ ಒಂದು ಸಾಮಾನು ನನ್ನ ಮುಂದ ಹಿಡದ. ನಡುವ ತೂತು, ತೂತಿಗೆ ದುಂಡಂದು ಹಿತ್ತಾಳಿ ಬಿಲ್ಲಿಯಂಥಾದ್ದು ಒಂದು ಮುಚ್ಚಳ. ಅದರ ಅಂಚು ಪೂರಾ ಕರೀ ಕಿಟ್ಟ! ನಮ್ಮ ಅಡಗಿಮನಿ ಎಕ್ಸಾಸ್ಟ್ ಫ್ಯಾನಿಗೆ ಹತ್ತಿರ್ತದಲ್ಲ, ಎಣ್ಣಿ, ಧೂಳಾ, ಹೊಗಿ ಕೂಡಿ ಅಂಟಂಟು ಜಿಡ್ಡು, ಡಿಟ್ಟೋ ಅದ. ನನಗ ನಗಿನೂ ಬಂತು, ಸಿಟ್ಟೂ ಬಂತು. ಇದಕ್ಕ ನನ್ನ ತಂಗಿ ಹಣಿ ಒಡಕೊಂಡ್ಲು.

ಅದು ಹೆಂಗ ಕೆಲಸಾ ಮಾಡ್ತದ ಅಂತ ನನಗ ತಿಳದಷ್ಟು ಹೇಳ್ತೀನಿ. ಇಂಜಿನ್ನಿಗೆ ಪೆಟ್ರೋಲ್ ಎಷ್ಟು ಬೇಕೋ ಗಾಳಿನೂ ಅದರ ಪ್ರಮಾಣದಾಗ ಬೇಕು. ನಾವು ಎಕ್ಸಲರೇಟರ್ ಒತ್ತಿದಾಗ ಖರೇ ಅಂದ್ರ ಈ ಮುಚ್ಚಳಾ ತಗೀತದ, ಗಾಳಿ ಒಳಗ ಹೋಗ್ತದ, ಅದಕ್ಕ ತಕ್ಕಂಗ ಕಂಪ್ಯೂಟರ್ ಪೆಟ್ರೋಲ್ ಬಿಡ್ತದ. ಕಾಲು ತಗದ್ರ ಮುಚ್ಚಳಾ ಮುಚ್ಚಿಕೋತದ, ಆದ್ರ ಪೂರಾ ಅಲ್ಲ. ಕೂದಲೆಳಿಯಷ್ಟು ಸಂದಿ ಇರ್ತದ. ಗಾಡಿ ನಿಂತಾಗ ಇಂಜಿನ್ ಜೀವಾ ಹಿಡಕೊಂಡಿರೂದು ಆ ಸಂದಿಯಿಂದ ಹೋಗೂ ಗಾಳಿ ಮ್ಯಾಲೆ. ಹಳೇ ತರದ ಗಾಡಿಗಳೊಳಗ ಇದಕ್ಕಂತ ಪಕ್ಕದಾಗ ಬ್ಯಾರೆ ಸಣ್ಣ ದಾರಿ, ಅದಕ್ಕೊಂದು ವಾಲ್ವ್ ಇರ್ತದ. ಅದೂ ಹಿಂಗ ಕಟಗೋತದ.

ಆ ಸಂದಿ ಒಳಗ ಕಿಟ್ಟ ಕೂತ್ರ ಏನಾಗ್ತದ? ಕಾಲು ಒತ್ತಿದಾಗ ಮುಚ್ಚಳಾ ಅಗಲಾಗಿ ತಗೀತದಲ್ಲ, ಆವಾಗ ಅಂಚಿನ ಕಿಟ್ಟ ಲೆಕ್ಕಕ್ಕ ಬರೂದಿಲ್ಲ, ಗಾಡಿ ಛಂದ ಓಡ್ತದ. ಕಾಲು ತಗದ್ರ ಉಸಿರು ಕಟ್ತದ. ಅದರಾಗ ಏಸಿ ಹಾಕಿದ್ರ ಇಂಜಿನ್ ಮ್ಯಾಲೆ ಭಾರ ಬೀಳ್ತದ, ಇನ್ನಷ್ಟು ಗಾಳಿ ಬೇಕು, ಸಿಗೂದಿಲ್ಲ. ನನ್ನ ಕ್ಯಾಲೆಂಡರಿನ ಹನ್ನೊಂದು ಗುರುತಿಗೂ ಉತ್ತರ ಆ ಅಂಚಿನ ಮ್ಯಾಲೇ ಇತ್ತು.

"ಏರ್ ಫಿಲ್ಟರ್ ಇರ್ತದಲ್ಲಪಾ, ಕಿಟ್ಟ ಎಲ್ಲಿಂದ ಬಂತು?" ಅಂತ ಕೇಳಿದೆ. ಹೊರಗಿನಿಂದಷ್ಟ ಅಲ್ಲಂತ, ಒಳಗಿನಿಂದನೂ ಬರ್ತದಂತ. ಇಂಜಿನ್ ಎಣ್ಣಿ ಕಾದು ಏಳೂ ಆವಿ ಹೊರಗ ಬಿಟ್ರ ಹವಾ ಕೆಡ್ತದಂತ ಪೈಪಿನಿಂದ ಮತ್ತ ಗಾಳಿ ದಾರಿಗೇ ತಿರುಗಸಿರ್ತಾರ. ಆ ಎಣ್ಣಿ ಆವಿ ನಿಧಾನಕ್ಕ ಅಂಟಿಕೋತ ಹೋಗ್ತದ. ಊರಾಗ ಸಣ್ಣ ಸಣ್ಣ ಓಡಾಟ, ನಿಂತು ನಿಂತು ಹೋಗೂದು ಜಾಸ್ತಿ ಇದ್ದ ಗಾಡಿಗೆ ತ್ರಾಸು ಲಗೂ. ಅಂದ್ರ ಇದು ಯಾರ ತಪ್ಪೂ ಅಲ್ಲ. ಒಲಿ ಇದ್ದಲ್ಲಿ ಮಸಿ.

ಈಗ ನನ್ನ ವಾದಕ್ಕ ಬರ್ತೀನಿ. ಹಾಲು ಉಕ್ಕಿ ಗ್ಯಾಸ್ ಒಲಿ ಬರ್ನರ್ ತೂತು ಕಟಗೊಂಡು ಉರಿ ಸಣ್ಣಾಗಿ ಆರಿ ಹೋಗ್ತದಲ್ಲ, ಆವಾಗ ನಾವು ಏನ್ ಮಾಡ್ತೀವಿ? ಹೊಸಾ ಒಲಿ ತರ್ತೀವೇನು? ಸಿಲಿಂಡರ್ ಬದಲಿ ಮಾಡ್ತೀವೇನು? ಬರ್ನರ್ ತಗದು ತಿಕ್ಕಿ, ಪಿನ್ನಿಲೆ ತೂತು ಬಿಡಿಸಿ ಇಡ್ತೀವಿ. ಬೆಂಕಿ ಹತ್ತೂದಿಲ್ಲಂತ ಯಾರರೆ ನಮಗ "ನಿನಗ ಅಡಗಿ ಬರೂದಿಲ್ಲ" ಅಂದ್ರ ಸುಮ್ನ ಕೇಳ್ತೀವೇನು? ಹಂಗಾದ್ರ ಗಾಡಿ ವಿಷಯಕ್ಕ ಯಾಕ ಸುಮ್ನಿರ್ತೀವಿ? ಎಲ್ಲಕಿಂತ ಕಡಿಮಿ ಖರ್ಚಿಂದು ಯಾವುದು ಅದನ್ನ ಮೊದಲ ನೋಡೂದು ಅನ್ನೂ ಬುದ್ಧಿ ನಮಗ ಹುಟ್ಟಾ ಇರ್ತದ. ದೊಡ್ಡ ಬಿಲ್ಲು ಬರಿಯವರಿಗೆ ಅದು ಇರೂದಿಲ್ಲ, ಯಾಕಂದ್ರ ರೊಕ್ಕಾ ಅವರದಲ್ಲ.

ಮಿಸ್ತ್ರಿ ತಗೊಂಡಿದ್ದು 600 ರೂಪಾಯಿ, ಸ್ಪ್ರೇ ಕೂಡಿ. ಮುಕ್ಕಾಲು ತಾಸಿನ ಕೆಲಸಾ.

ಇನ್ನು ಎದರಾಡೂ ಮಂದಿಗೆ ಉತ್ತರಾ. ಒಂದನೇದು ನಮ್ಮ ಭಾವನವರು ಅಂದಿದ್ದು. "ಎಲ್ಲಾ ಗಾಡಿ ತ್ರಾಸೂ ಥ್ರಾಟಲ್‌ನಿಂದನ ಬರ್ತದೇನು?" ಇಲ್ಲರಿ, ನಾ ಹಂಗ ಅಂದೇ ಇಲ್ಲ. ಅದಕ್ಕ ಹಿಸಾಬು ಬರೀರಿ ಅನ್ನೂದು. ಓಡಿ ಓಡಿ ಬಿಸಿ ಆದಮ್ಯಾಲೆ ನಡುದಾರ್ಯಾಗ ಒಮ್ಮೆಲೆ ಸತ್ತು, ಆರಿದ ಮ್ಯಾಲೆ ಮತ್ತ ಚಾಲೂ ಆದ್ರ ಅದು ಬ್ಯಾರೆ ರೋಗ, ಸೆನ್ಸರ್ ಇರಬಹುದು, ಪಂಪೂ ಇರಬಹುದು. ಏರಿನ್ಯಾಗ ತಿಣಕಿದ್ರ ಪೆಟ್ರೋಲ್ ಕಡೆ ನೋಡಬೇಕು. ಮುಳ್ಳು ಮ್ಯಾಲ ಕೆಳಗ ಜೋಕಾಲಿ ಆಡ್ಲಿಕ್ಕೆ ಹತ್ತಿ ಬಾನೆಟ್ ಕೆಳಗ ಸುಸ್ಸ್ ಅಂತ ಸಪ್ಪಳಾ ಬಂದ್ರ ಎಲ್ಲೋ ರಬ್ಬರ್ ಪೈಪು ಸೀಳಿ ಕಳ್ಳಗಾಳಿ ಒಳಗ ಹೋಗ್ಲಿಕ್ಕೆ ಹತ್ಯದ. ನಿಂತಾಗನೂ ಓಡೂ ಮುಂದೂ ಎರಡೂ ಹೊತ್ತಿನ್ಯಾಗ ಕುಂಟಿದ್ರ ಪ್ಲಗ್ಗೋ ಕಾಯಿಲೋ. ಇಂಜಿನ್ ಸರಿ ಇದ್ದು ಮೈ ಅಷ್ಟ ನಡಗಿದ್ರ ಇಂಜಿನ್ ಕೂಡೂ ರಬ್ಬರ್ ಮೌಂಟ್ ಹೋಗಿರಬಹುದು. ಇನ್ನ ಡೀಸೆಲ್ ಗಾಡಿ ಲೆಕ್ಕಾನ ಬ್ಯಾರೆ, ನಾ ಹೇಳೂದು ಪೆಟ್ರೋಲಿಂದು. ವೈದ್ಯರು ಜ್ವರಾ ಯಾವಾಗ ಬರ್ತದ ಅಂತ ಕೇಳಿ ಔಷಧ ಕೊಡ್ತಾರ. ಗಾಡಿಗೂ ಹಂಗ ಕೇಳ್ರಿ ಅನ್ನೂದಷ್ಟ ನನ್ನ ಹಟಾ.

ಎರಡನೇದು, "ಇಷ್ಟೆಲ್ಲಾ ತಿಳ್ಕೊಂಡು ನೀ ಏನ್ ಮಿಸ್ತ್ರಿ ಆಗಾಕೇನು?" ಅಂತ ನಮ್ಮ ಓಣಿ ಮಾಮಿ. ಆಗೂದಿಲ್ಲರಿ ಮಾಮಿ. ನಾಡಿ ಹಿಡಿಲಿಕ್ಕೆ ಬರದಿದ್ರೂ ಕೂಸಿನ ಹಣಿ ಮುಟ್ಟಿ ಜ್ವರಾ ಅಂತ ತಿಳೀತದಲ್ಲ ನಮಗ, ಅಷ್ಟ ಸಾಕು. ಹೆಸರು ಗೊತ್ತಿದ್ದಾಕಿಗೆ ಯಾಮಾರಿಸೂದು ಕಷ್ಟ. "ಥ್ರಾಟಲ್ ಬಾಡಿ ಬಿಚ್ಚಿ ನೋಡಿದ್ರೇನು? ನನಗ ತೋರಸ್ರಿ" ಅಂತ ಕೇಳಿ ನೋಡ್ರಿ, ಎದರಿಗಿದ್ದಾವ ನಿಮ್ಮ ಮಗನಿಗೆ ಫೋನ್ ಹಚ್ಚೂದು ಬಿಡ್ತಾನ.

ಮೂರನೇದು ನಾನ ನನ್ನ ಮ್ಯಾಲೆ ಹೇಳ್ಕೋಬೇಕಾದ ಮಾತು. ಇದನ್ನ ಓದಿ ನಾಳಿಗೆ ಎಲ್ಲಾರೂ ಸ್ಪ್ರೇ ಡಬ್ಬಿ ತಗೊಂಡು ಬಾನೆಟ್ ತಗೀಬ್ಯಾಡ್ರಿ. ಕೆಲವು ಮಾತು ಲಕ್ಷ್ಯದಾಗ ಇಡ್ರಿ. ಇಂಜಿನ್ ಪೂರಾ ಆರಿರಬೇಕು, ಸ್ಪ್ರೇ ಲಗೂ ಬೆಂಕಿ ಹಿಡೀತದ, ಹತ್ರ ದೀಪಾ, ಊದಿನಕಡ್ಡಿ, ಬೀಡಿ ಏನೂ ಬ್ಯಾಡ. ಥ್ರಾಟಲ್ ಬಾಡಿಗಂತ ಬರೂ ಸ್ಪ್ರೇನ ಬೇಕು. ಹಳೇ ಕಾರ್ಬೊರೇಟರ್ ತೊಳಿಯೂ ಜಾಲಿಮ್ ಔಷಧಾ ಹೊಡದ್ರ ಒಳಗಿನ ತೆಳು ಲೇಪ, ರಬ್ಬರ್, ಸೆನ್ಸರ್ ಕೆಡಬಹುದು. ಡಬ್ಬಿ ನೇರ ಹೊಡಿಯೂದಕಿಂತ ಮೆತ್ತನ್ನ ಹತ್ತಿ ಅರಿವಿಗೆ ಹೊಡದು ವರಸೂದು ಛಲೋ. ಭಾಂಡೆ ತಿಕ್ಕೂ ತಂತಿ, ಚಾಕು, ಸ್ಕ್ರೂಡ್ರೈವರ್ ಹಚ್ಚಿ ಕೆರೀಲೇಬಾರದು. ಗೀರು ಬಿದ್ರ ಅಲ್ಲಿಂದನ ಗಾಳಿ ಸೋರ್ತದ, ನಾವು ತ್ರಾಸು ಕೊಂಡು ತಂದಂಗ. ಈಗಿನ ಗಾಡಿ ಒಳಗ ಮುಚ್ಚಳಾ ತಗಿಯೂದು ಮೋಟಾರು. ಚಾವಿ ಹಚ್ಚಿದಾಗ ಬೆರಳು ಹಾಕಿದ್ರ ಕತ್ತರಿಗತೆ ಮುಚ್ಚಿ ಗಾಯಾ ಆಗ್ತದ. ಕೈಲೆ ಜೋರು ಒತ್ತಿದ್ರ ಒಳಗಿನ ಪ್ಲಾಸ್ಟಿಕ್ ಹಲ್ಲು ಮುರಿಬಹುದು. ಅದಕ್ಕ ನಾನು ಇವತ್ತಿಗೂ ಮಿಸ್ತ್ರಿ ಕಡೆನ ಮಾಡಸ್ತೀನಿ. ಆದ್ರ ಪಕ್ಕದಾಗ ನಿಂತು ಮಾಡಸ್ತೀನಿ.

ಇನ್ನೊಂದು. ಸ್ವಚ್ಛ ಮಾಡಿದ ಮ್ಯಾಲೆ ಗಾಡಿ ಒಮ್ಮೆಲೆ ಜೋರು ಕೂಗ್ಲಿಕ್ಕೆ ಹತ್ತಿದ್ರ ಅಂಜಬ್ಯಾಡ್ರಿ. ನಮ್ಮದೂ 1500ರ ತನಾ ಏರಿತ್ತು. ಕಿಟ್ಟ ಕೂತಾಗ ಕಂಪ್ಯೂಟರ್ ಪಾಪ, ಮುಚ್ಚಳಾನ ದಿನಾ ಸ್ವಲ್ಪ ಸ್ವಲ್ಪ ಹೆಚ್ಚು ತಗದು ಹೆಂಗೋ ಸಂಭಾಳಿಸಿರ್ತದ, ಅದ ಅಳತಿ ನೆನಪಿಟ್ಟಿರ್ತದ. ಈಗ ಕಿಟ್ಟ ಇಲ್ಲ, ಅದ ಅಳತಿಗೆ ಗಾಳಿ ಜಾಸ್ತಿ ಆಗ್ತದ. ಬರ್ನರ್ ತಿಕ್ಕಿದ ಮ್ಯಾಲೆ ಹಳೇ ಅಳತಿಗೆ ಕಿವಿ ತಿರುವಿದ್ರ ಉರಿ ಭುಗಿಲ್ ಅಂತದಲ್ಲ, ಹಂಗ. ಹೊಸಾ ಅಳತಿ ಕಲಸಬೇಕು. ಮಿಸ್ತ್ರಿ ಚಾವಿ ಆನ್ ಆಫ್ ಮಾಡಿ, ಏಸಿ ಇಲ್ಲದ ಹತ್ತು ನಿಮಿಷ, ಏಸಿ ಹಾಕಿ ಐದು ನಿಮಿಷ ಗಾಡಿ ಚಾಲೂ ಇಟ್ಟ. ಮುಳ್ಳು ಇಳದು 800ಕ್ಕ ಬಂದು ಅಳ್ಳಾಡದಂಗ ನಿಂತಿತು. ಒಂದೊಂದು ಗಾಡಿಗೆ ಒಂದೊಂದು ಪದ್ಧತಿ, ಕೆಲವಕ್ಕ ಮಷೀನ್ ಹಚ್ಚೇ ಕಲಸಬೇಕು. ಬಿಸಿ ಇಂಜಿನ್ ಸಾಮಾನ್ಯವಾಗಿ 700ರಿಂದ 900ರ ನಡುವ ಇದ್ರ ಆರಾಮ ಅದ ಅಂತ ತಿಳೀರಿ.

ಮತ್ತ ಈ ಕಡೆ ಕಳ್ಳತನಾನೂ ಹೇಳದಿದ್ರ ನನ್ನ ಜಗಳಾ ಅರ್ಧಾ ಆಗ್ತದ. ಕೆಲವು ಕಡೆ ಇದು ಉಲ್ಟಾ. ಗಾಡಿಗೆ ಏನೂ ತ್ರಾಸಿಲ್ಲ, ಆದ್ರೂ ಪ್ರತಿ ಸರ್ವಿಸಿಗೆ ಬಿಲ್ಲಿನ್ಯಾಗ "ಥ್ರಾಟಲ್ ಕ್ಲೀನಿಂಗ್" ಅಂತ ಒಂದು ಸಾಲು ಸೇರಸ್ತಾರ. ಬೇಕಾದಾಗ ಮಾಡೂದಿಲ್ಲ, ಬ್ಯಾಡಾದಾಗ ಬಿಡೂದಿಲ್ಲ. ಎರಡಕ್ಕೂ ಮದ್ದು ಒಂದ, "ತಗದು ತೋರಸ್ರಿ." ಕಿಟ್ಟ ಇದ್ರ ಮಾಡ್ಲಿ, ಇಲ್ಲಂದ್ರ ಆ ಸಾಲು ಕಾಟು ಹೊಡಸ್ರಿ.

ನಡುರಸ್ತೆದಾಗ ಬಂದ್ ಬಿದ್ರ ಏನ್ ಮಾಡಬೇಕು ಅಂತನೂ ಹೇಳಿಬಿಡ್ತೀನಿ, ಇದನ್ನ ನಮಗ ಡ್ರೈವಿಂಗ್ ಕ್ಲಾಸಿನ್ಯಾಗ ಯಾರೂ ಹೇಳಲಿಲ್ಲ. ಇಂಜಿನ್ ನಿಂತಿತಂದ್ರ ಸ್ಟೇರಿಂಗ್ ಭಾರ ಆಗ್ತದ, ಬ್ರೇಕ್ ಒಂದೆರಡು ಸಲ ಮೆತ್ತಗ ಹತ್ತಿ ಆಮ್ಯಾಲೆ ಕಲ್ಲಾಗ್ತದ. ಬ್ರೇಕ್ ಹೋಗಿರೂದಿಲ್ಲ, ಜೋರು ಒತ್ತಬೇಕು ಅಷ್ಟ. ಒತ್ತಿ ಬಿಟ್ಟು ಒತ್ತಿ ಬಿಟ್ಟು ಮಾಡಬ್ಯಾಡ್ರಿ, ಒಂದ ಸಲ ಗಟ್ಟಿ ಒತ್ತಿ ಹಿಡೀರಿ. ನಾಲ್ಕೂ ಇಂಡಿಕೇಟರ್ ಹಾಕ್ರಿ, ಎಡಕ್ಕ ತಗೋರಿ, ನ್ಯೂಟ್ರಲ್ ಮಾಡಿ ಚಾಲೂ ಮಾಡ್ರಿ. ಗಾಡಿ ಓಡ್ಲಿಕ್ಕೆ ಹತ್ತಿದಾಗ ಚಾವಿ ಹೊರಗ ಜಗ್ಗಬ್ಯಾಡ್ರಿ, ಸ್ಟೇರಿಂಗ್ ಲಾಕ್ ಆಗ್ತದ. ಹಿಂದಿನವರು ಹಾರ್ನ್ ಹೊಡೀಲಿ. ಹಾರ್ನಿನಿಂದ ಯಾರೂ ಸತ್ತಿಲ್ಲ, ಗಡಿಬಿಡಿಯಿಂದ ಸತ್ತಾರ.

ಈಗ ಐದು ತಿಂಗಳಾತು. ಗಾಡಿ ಒಂದು ಸಲಾನೂ ಬಂದ್ ಬಿದ್ದಿಲ್ಲ. ಮಂಗಳವಾರ, ಶುಕ್ರವಾರ ಹಿಂದಿನ ಸೀಟಿನ್ಯಾಗ ದಿಂಬು ಇರ್ತದ, ತಂಗಿ ಮಲಗಿರ್ತಾಳ. ಹಣಿ ಮ್ಯಾಲಿನ ಗುರುತು ಇನ್ನೂ ಹೋಗಿಲ್ಲ. ಸಿಗ್ನಲ್ಲಿನ್ಯಾಗ ನಿಂತಾಗ ಕನ್ನಡಿ ಒಳಗ ಅದು ಕಾಣಸ್ತದ. ಆವಾಗ ನನಗ ಪಂಪಿನ 11,400 ನೆನಪಾಗೂದಿಲ್ಲ, ಆ ಎರಡು ತಿಂಗಳ ನೆನಪಾಗ್ತಾವ. 600 ರೂಪಾಯಿ ಕೆಲಸಕ್ಕ, ನಾಲ್ಕು ಪ್ರಶ್ನಿಗೆ, ಒಬ್ಬ ಹೆಣ್ಮಗಳ ಮಾತು ಪೂರಾ ಕೇಳೂ ಪುರಸತ್ತಿಗೆ ಎರಡು ತಿಂಗಳ ಹಿಡೀತು. ಅದರಾಗ ನಂದೂ ಪಾಲದ. ಮೊದಲ ದಿನಾನ "ಬಾನೆಟ್ ತಗೀರಿ" ಅಂತ ಗಟ್ಟಿ ಅಂದಿದ್ರ ಅಕಿ ಬೀಳ್ತಿದ್ದಿಲ್ಲ.

ನಮ್ಮನಿಯವರು ಇದನ್ನ ಓದ್ತಾರ, ಗೊತ್ತದ ನನಗ. ಅವರ ಮ್ಯಾಲೆ ಸಿಟ್ಟಿಲ್ಲ, ಚಾವಿ ತಿರುಗಿ ಕೊಟ್ರಲ್ಲ. ಒಂದ ಮಾತು ಅಷ್ಟ. ಕುಣೀಲಿಕ್ಕೆ ಬಾರದಾಕಿ ಅಂಗಳ ಡೊಂಕು ಅಂದ್ಲು ಅಂತ ಗಾದಿ ಹೇಳೂಕಿಂತ ಮೊದಲ ಒಂದು ಸಲ ಅಂಗಳಾ ನೋಡ್ರಿ. ಕೆಲವೊಂದು ಸಲ ಅದು ಖರೇನ ಡೊಂಕಿರ್ತದ.

ಇನ್ನ ನೀವು. ಟ್ರೆಜರಿ ತಗೀರಿ, ಪಾಸ್‌ಬುಕ್ಕಿನ ಕೆಳಗಿಂದ ಲೈಸನ್ಸ್ ತಗೀರಿ, ಮುದ್ದತು ಮುಗದದೋ ಹೆಂಗ ನೋಡ್ರಿ. ಮುಗದಿದ್ರ ಅದರ ಕೆಲಸಾ ಮೊದಲ ಮಾಡಸ್ರಿ. ನಾಳೆ ಮುಂಜಾನೆ ಅಂಗಳದಾಗ ಗಾಡಿ ಚಾಲೂ ಮಾಡಿ ಹತ್ತು ನಿಮಿಷ ಕಾಲು ಹಿಂದಕ್ಕ ಇಟ್ಟು ಕೂಡ್ರಿ. ಏನಾತು ಅಂತ ನನಗ ಫೋನ್ ಮಾಡ್ರಿ. ಮೆಂತೆ ಹಿಟ್ಟಿನ ಅಳತಿ ಜಗಳಾ ಬೇಕಾದ್ರ ಆವಾಗನ ಮುಗಸೂಣು, ವೈನಿ.